ಮಿಠಾಯಿ ಅಂಗಡಿ ದಾನಿಯ ಹೆಸರಿನ ಕಲ್ಲು: ಉಜ್ಜುವ ಮೊದಲು ಇಷ್ಟು ತಿಳಿದಿರಲಿ

ನಮ್ಮ ಊರುಗಳ ಹಳೇ ಕಟ್ಟಡಗಳಲ್ಲಿ ದಾನಿಗಳ ಹೆಸರಿಗೆ ಬರವಿಲ್ಲ. ಶಾಲೆಯ ಕೋಣೆಯ ಬಾಗಿಲ ಮೇಲೆ, ಛತ್ರದ ಜಗಲಿಯಲ್ಲಿ, ಬಾವಿಕಟ್ಟೆಗೆ, ದನಗಳಿಗೆ ನೀರಿಡುವ ತೊಟ್ಟಿಗೆ, ದೇವಸ್ಥಾನದ ಮೆಟ್ಟಿಲಿಗೆ ಒಂದೊಂದು ಕಲ್ಲು. ಅದರಲ್ಲಿ ರಾಜರು ಕಡಿಮೆ, ಅಂಗಡಿಯವರೇ ಜಾಸ್ತಿ. ಬೆಂಗಳೂರಿನ ಯಲೆ ಮಲ್ಲಪ್ಪ ಶೆಟ್ಟರು ವೀಳ್ಯದೆಲೆ ವ್ಯಾಪಾರದ ದುಡ್ಡಿನಲ್ಲಿ ಕೆರೆ ಕಟ್ಟಿಸಿದವರು. ಸಿಟಿ ರೈಲ್ವೆ ಸ್ಟೇಷನ್ ಎದುರಿನ ಛತ್ರ ಕಟ್ಟಿಸಿದ ಗುಬ್ಬಿ ತೋಟದಪ್ಪನವರೂ ವ್ಯಾಪಾರಿಯೇ. ನಿಮ್ಮೂರಲ್ಲೂ ಪೇಡವೋ ಕುಂದವೋ ಕರದಂಟೋ ಮಾರಿ ಬಂದ ಲಾಭದಲ್ಲಿ ಶಾಲೆಗೆ ಎರಡು ಕೋಣೆ ಕಟ್ಟಿಸಿಕೊಟ್ಟ ಒಬ್ಬರು ಇದ್ದೇ ಇರುತ್ತಾರೆ. ಅವರ ಹೆಸರಿನ ಕಲ್ಲು ಈಗ ಸುಣ್ಣದ ಕೆಳಗೋ ಸೈಕಲ್ ಸ್ಟ್ಯಾಂಡಿನ ಹಿಂದೋ ಇರುತ್ತದೆ, ಅಷ್ಟೇ.

ಅಂಥ ಕಲ್ಲನ್ನು ಸರಿಮಾಡಿಸಬೇಕು ಅಂತ ಹೊರಟವರಿಗಾಗಿ ಈ ಬರಹ. ಹಳೇ ತಾಮ್ರಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಒಂದು ಶ್ಲೋಕವಿದೆ. ದಾನ ಕೊಡುವುದು, ಕೊಟ್ಟ ದಾನವನ್ನು ಕಾಪಾಡುವುದು, ಇವೆರಡರಲ್ಲಿ ಕಾಪಾಡುವುದೇ ಮೇಲು ಅನ್ನುತ್ತದೆ ಅದು. ಹಾಗಾಗಿ ನೀವು ಮಾಡಹೊರಟಿದ್ದು ಸಣ್ಣ ಕೆಲಸವೇನಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಹಳೇ ಕಲ್ಲನ್ನು ಹೊಸದು ಮಾಡಲು ಹೋಗಬೇಡಿ. ಅದು ಓದಲು ಬಂದರೆ ಸಾಕು, ಬೀಳದ ಹಾಗೆ ಗಟ್ಟಿಯಾಗಿ ನಿಂತರೆ ಸಾಕು. ಹೊಸದಾಗಿ ಹೇಳಬೇಕಾದ್ದನ್ನೆಲ್ಲ ಪಕ್ಕದಲ್ಲಿ ಒಂದು ಹೊಸ ಫಲಕದ ಮೇಲೆ ಹೇಳಿ.

ಮೊದಲು ಫೋಟೊ, ಆಮೇಲೆ ನೀರು

ಕಲ್ಲು ಸಿಕ್ಕಿದ ಖುಷಿಗೆ ಯಾರೋ ಒಬ್ಬರು ಬಕೆಟ್ ಹಿಡಿದು ಓಡಿಬರುತ್ತಾರೆ. ತಡೆಯಿರಿ. ಇದ್ದದ್ದು ಇದ್ದ ಹಾಗೆ ಮೊದಲು ದಾಖಲಾಗಬೇಕು. ಇಡೀ ಗೋಡೆಯ ಒಂದು ಫೋಟೊ, ಕಲ್ಲಿನದೊಂದು, ನಾಲ್ಕು ಮೂಲೆಗಳದ್ದು ಹತ್ತಿರದಿಂದ. ಪಕ್ಕದಲ್ಲಿ ಒಂದು ಸ್ಕೇಲು ಹಿಡಿದಿರಿ. ಉದ್ದ, ಅಗಲ, ನೆಲದಿಂದ ಎತ್ತರ ಬರೆದುಕೊಳ್ಳಿ. ಬಿರುಕು ಎಲ್ಲಿದೆ, ಯಾವ ಮೂಲೆ ಚಕ್ಕೆ ಎದ್ದಿದೆ ಅನ್ನೋದನ್ನು ಒಂದು ಹಾಳೆಯಲ್ಲಿ ಚಿತ್ರ ಬರೆದು ಗುರುತು ಹಾಕಿ.

ಅಕ್ಷರ ಸವೆದು ಕಾಣದಿದ್ದರೆ ಅದಕ್ಕೆ ಸೀಮೆಸುಣ್ಣವನ್ನೋ ಹಿಟ್ಟನ್ನೋ ಬಳಿಯುವ ಅಭ್ಯಾಸ ಇದೆ. ಬೇಡ. ಸೀಮೆಸುಣ್ಣ ತಿಕ್ಕಿದಷ್ಟೂ ಅಂಚು ಸವೆಯುತ್ತದೆ, ಹಿಟ್ಟು ಉಳಿದರೆ ಬೂಷ್ಟು ಹಿಡಿಯುತ್ತದೆ. ಅದರ ಬದಲು ಬೆಳಕನ್ನು ಬಳಸಿಕೊಳ್ಳಿ. ಕತ್ತಲಾದ ಮೇಲೆ ಹೋಗಿ, ಟಾರ್ಚನ್ನು ಕಲ್ಲಿನ ಎದುರಿಗೆ ಹಿಡಿಯದೆ ಪಕ್ಕಕ್ಕೆ ತಂದು, ಬೆಳಕು ಕಲ್ಲಿನ ಮೈ ಸವರಿಕೊಂಡು ಹೋಗುವ ಹಾಗೆ ಹಿಡಿಯಿರಿ. ಕೂದಲೆಳೆಯಷ್ಟು ತಗ್ಗಿದ್ದರೂ ಅದರಲ್ಲಿ ನೆರಳು ಬೀಳುತ್ತದೆ. ಹಗಲಲ್ಲಿ ಬರೀ ಬೂದು ಹಲಗೆಯಂತೆ ಇದ್ದದ್ದರಲ್ಲಿ ಮೊದಲು ಕೊಂಬು, ಆಮೇಲೆ ದೀರ್ಘ, ಆಮೇಲೆ ಒತ್ತಕ್ಷರ ಒಂದೊಂದಾಗಿ ಎದ್ದು ಬರುತ್ತವೆ. ಎಡದಿಂದ ಒಂದು ಫೋಟೊ, ಬಲದಿಂದ ಒಂದು, ಮೇಲಿಂದ ಒಂದು ತೆಗೆಯಿರಿ. ಎಡದ ಬೆಳಕಿನಲ್ಲಿ ಕಾಣದ ಗೆರೆ ಮೇಲಿನ ಬೆಳಕಿನಲ್ಲಿ ಕಾಣಿಸುತ್ತದೆ.

ಇತಿಹಾಸ ಸಂಶೋಧನೆಯ ಸಂಸ್ಥೆಯಾದ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ನಗರದ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮಾಡಿ ಉಳಿಸುತ್ತಿದ್ದಾರೆ. ಬರಿಗಣ್ಣಿಗೆ ಸಿಗದ ಅಕ್ಷರವೂ ಅದರಲ್ಲಿ ಸಿಗುತ್ತದೆ. ನೂರು ವರ್ಷದ ದಾನದ ಕಲ್ಲಿಗೆ ಅಷ್ಟೆಲ್ಲ ಬೇಕಾಗಲಿಕ್ಕಿಲ್ಲ, ಟಾರ್ಚು ಸಾಕು.

ಓದಿದ್ದನ್ನು ಸಾಲು ಸಾಲಾಗಿ, ಕಲ್ಲಲ್ಲಿ ಇರುವ ಹಾಗೇ ಬರೆದುಕೊಳ್ಳಿ. ತಪ್ಪು ಕಾಗುಣಿತ ಇದ್ದರೆ ಅದೂ ಇರಲಿ. ಓದಲಾಗದ ಕಡೆ ಚುಕ್ಕಿ ಇಡಿ, ಊಹಿಸಿ ತುಂಬಬೇಡಿ. ಹಳೇ ಮೈಸೂರು ಸೀಮೆಯ ಕಲ್ಲಾದರೆ ‘ಬಿನ್’ ಅಂದರೆ ಇಂಥವರ ಮಗ, ‘ಕೋಂ’ ಅಂದರೆ ಇಂಥವರ ಹೆಂಡತಿ. ಗಂಡನ ಹೆಸರಿನ ಹಿಂದೆ ಸಣ್ಣದಾಗಿ ಇರುವ ‘ಕೋಂ’ ಸಾಲೇ ಎಷ್ಟೋ ಕಡೆ ನಿಜವಾದ ದಾನಿಯನ್ನು ತೋರಿಸುತ್ತದೆ. ಅದನ್ನು ಬಿಟ್ಟು ಓದಬೇಡಿ.

ಇಸವಿ ಲೆಕ್ಕ

ಎಷ್ಟೋ ಹಳೇ ಕಲ್ಲುಗಳಲ್ಲಿ ಇಸವಿ ನೇರವಾಗಿ ಇರುವುದಿಲ್ಲ. ಶಾಲಿವಾಹನ ಶಕ ಇರುತ್ತದೆ, ಸಂವತ್ಸರದ ಹೆಸರಿರುತ್ತದೆ. ಶಕಕ್ಕೆ 78 ಸೇರಿಸಿದರೆ ಇಸವಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಶಕ ವರ್ಷ ಶುರುವಾಗುವುದು ಯುಗಾದಿಗೆ. ಜನವರಿಯಿಂದ ಯುಗಾದಿವರೆಗಿನ ದಿನಗಳಿಗೆ 79 ಸೇರಿಸಬೇಕು. ತೋಟದಪ್ಪನವರ ಛತ್ರವನ್ನೇ ನೋಡಿ. ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದ್ದು 1903ರ ಫೆಬ್ರವರಿಯಲ್ಲಿ. ಯುಗಾದಿ ಇನ್ನೂ ಬಂದಿರಲಿಲ್ಲ. ಆದ್ದರಿಂದ ಆ ದಿನಕ್ಕೆ ಶಕ 1824, ಶುಭಕೃತ್ ಸಂವತ್ಸರ. ಅದೇ ವರ್ಷದ ದಸರಾ ಹೊತ್ತಿಗೆ ಶಕ 1825, ಶೋಭಕೃತ್. ಇಸವಿ ಒಂದೇ, ಸಂವತ್ಸರ ಎರಡು.

ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಶೋಭಕೃತ್ 1903ರಲ್ಲಿ ಬಂತು, 1963ರಲ್ಲಿ ಬಂತು, 2023ರಲ್ಲೂ ಬಂತು. ಕಲ್ಲಿನ ಮೇಲೆ ಬರೀ ಸಂವತ್ಸರ ಇದ್ದರೆ ಬೇರೆ ಸುಳಿವು ಹುಡುಕಬೇಕು. ದಾನದ ಮೊತ್ತದಲ್ಲಿ ಆಣೆ, ಪೈ ಇದ್ದರೆ 1957ಕ್ಕಿಂತ ಹಿಂದಿನದು ಅಂದುಕೊಳ್ಳಬಹುದು. ನಯಾಪೈಸೆ ಬಂದದ್ದು ಆ ವರ್ಷ. ಇನ್ನು ಕನ್ನಡ ಅಂಕಿ. ಸವೆದ ಕಲ್ಲಲ್ಲಿ ೬, ೯ ಎರಡೂ ಒಂದೇ ಥರ ಕಾಣುತ್ತವೆ. ಶಕವನ್ನೂ ಸಂವತ್ಸರವನ್ನೂ ತಾಳೆ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ಯಾರ ಅಪ್ಪಣೆ ಬೇಕು

ಗೋಡೆ ಯಾರದೋ ಅವರ ಒಪ್ಪಿಗೆ ಬರಹದಲ್ಲಿ ಬೇಕು. ಬಾಯಿಮಾತು ಸಾಲದು. ಸರ್ಕಾರಿ ಶಾಲೆಯಾದರೆ ಮುಖ್ಯೋಪಾಧ್ಯಾಯರು ಮತ್ತು ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ, ಹಳ್ಳಿಯ ಬಾವಿಯಾದರೆ ಪಂಚಾಯಿತಿಯ ಪಿಡಿಒ, ಪಟ್ಟಣದ್ದಾದರೆ ಪುರಸಭೆ ಮುಖ್ಯಾಧಿಕಾರಿ, ಮುಜರಾಯಿ ದೇವಸ್ಥಾನವಾದರೆ ಆ ಇಲಾಖೆ. ಟ್ರಸ್ಟಿನ ಛತ್ರವಾದರೆ ಟ್ರಸ್ಟಿಗಳ ಸಭೆಯ ನಿರ್ಣಯ ಕೇಳಿ. ಸಂರಕ್ಷಿತ ಸ್ಮಾರಕಕ್ಕೆ ಸೇರಿದ ಕಲ್ಲಾದರೆ ಮುಟ್ಟಲೇಬೇಡಿ, ಪುರಾತತ್ವ ಇಲಾಖೆಗೆ ಪತ್ರ ಬರೆಯಿರಿ. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವುದಕ್ಕೇ ನಿಷೇಧ ಇದೆ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಹೊಸ ಫಲಕಕ್ಕೆ ಕಂಬ ನೆಡುವಾಗಲೂ ಇದನ್ನು ಕೇಳಿಕೊಂಡೇ ಮುಂದುವರಿಯಿರಿ.

ದಾನಿಯ ಮನೆಯವರು ಊರಲ್ಲಿದ್ದರೆ ಅವರನ್ನು ಮೊದಲ ದಿನವೇ ಕಂಡು ಬನ್ನಿ. ಕಾನೂನಿಗಾಗಿ ಅಲ್ಲ. ಎಲ್ಲ ಮುಗಿದ ಮೇಲೆ ಆಮಂತ್ರಣ ಪತ್ರಿಕೆಯಲ್ಲಿ ತಮ್ಮ ಅಜ್ಜನ ಹೆಸರು ನೋಡಿದರೆ ಯಾರಿಗಾದರೂ ಬೇಜಾರಾಗುತ್ತದೆ, ಅಲ್ವಾ?

ದಾನಿಯ ಬಗ್ಗೆ ಎಲ್ಲಿ ಹುಡುಕುವುದು

ಮಿಠಾಯಿ ಅಂಗಡಿಯವರಾದರೆ ಒಂದು ಅನುಕೂಲ ಇದೆ. ಆ ವ್ಯಾಪಾರದಲ್ಲಿ ಕಾಗದ ಉಳಿಯುತ್ತದೆ. ಕಿರ್ದಿ, ಖಾತೆ ಪುಸ್ತಕಗಳು, ಹಳೇ ಪೊಟ್ಟಣದ ಮೇಲಿನ ಚೀಟಿ, ಡಬ್ಬಿಯ ಮೇಲಿನ ಅಚ್ಚು, ಮದುವೆಗೆ ಇಷ್ಟು ಮಣ ಲಾಡು ಅಂತ ಬರೆದ ಆರ್ಡರ್ ಚೀಟಿ. ಅಟ್ಟದ ಮೇಲಿನ ಟ್ರಂಕು ಇಳಿಸಲು ಮನೆಯವರು ಒಪ್ಪಿದರೆ ಅರ್ಧ ಕೆಲಸ ಆಯಿತು. ಕಿರ್ದಿಯಲ್ಲಿ ‘ಧರ್ಮ’ ಅಂತ ಒಂದು ಖಾತೆ ಪ್ರತ್ಯೇಕ ಇದೆಯಾ ನೋಡಿ. ಹಳೇ ವ್ಯಾಪಾರಿಗಳಲ್ಲಿ ಹಲವರು ಲಾಭದ ಒಂದು ಪಾಲನ್ನು ಹಾಗೆ ತೆಗೆದಿಡುತ್ತಿದ್ದರು. ಶಾಲೆಗೆ ಹೋದ ದುಡ್ಡು, ಅರವಟ್ಟಿಗೆಗೆ ಹೋದ ಬೆಲ್ಲ, ಎರಡೂ ಅಲ್ಲಿ ಸಿಗಬಹುದು.

ಶಾಲೆಯಲ್ಲಿ ಹಳೇ ದಾಖಲಾತಿ ಪುಸ್ತಕ, ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ ಕೇಳಿ. ಜಾಗವನ್ನೇ ದಾನ ಕೊಟ್ಟಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಾನಪತ್ರದ ನಕಲು ಸಿಗಬಹುದು. ಸರ್ಕಾರದ ಹಳೇ ಕಡತಗಳು ಬೇಕಾದರೆ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ ಇದೆ. ಆಮೇಲೆ ಊರಿನ ಹಿರಿಯರು. ಅವರು ಹೇಳಿದ್ದನ್ನೆಲ್ಲ ಬರೆದುಕೊಳ್ಳಿ. ಆದರೆ ಕಾಗದದಲ್ಲೋ ಕಲ್ಲಲ್ಲೋ ಆಧಾರ ಸಿಗುವವರೆಗೆ ಫಲಕಕ್ಕೆ ಏರಿಸಬೇಡಿ. ‘ಮಹಾರಾಜರೇ ಬಂದು ಇವರ ಅಂಗಡಿಯ ಪೇಡ ತಿಂದಿದ್ದರು’ ಅನ್ನುವ ಕಥೆ ಪ್ರತಿ ಊರಲ್ಲೂ ಒಂದಿರುತ್ತದೆ!

ಕಲ್ಲು ಯಾವುದು ಅಂತ ಗುರುತಿಸಿ

ಹಾಲುಬಿಳಿ, ಮೃದುವಾದ ಮೈ, ಅಕ್ಷರದ ತಗ್ಗಿನಲ್ಲಿ ಕಪ್ಪು ಬಣ್ಣ ಅಥವಾ ಸೀಸ ತುಂಬಿದ್ದರೆ ಮಾರ್ಬಲ್. ಕಾಳುಕಾಳಾಗಿ ಹೊಳೆಯುವುದು ಗ್ರಾನೈಟ್. ಪದರ ಪದರವಾಗಿ ಏಳುವ ಬೂದು ಬಣ್ಣದ್ದು ಶಹಾಬಾದ್, ಕಪ್ಪಗಿನದು ಕಡಪ. ಮಾರ್ಬಲ್ಲೂ ಶಹಾಬಾದ್ ಕಲ್ಲೂ ಸುಣ್ಣದ ಜಾತಿ. ಹುಳಿ ಬಿದ್ದರೆ ಕರಗುತ್ತವೆ. ನಿಂಬೆಹಣ್ಣು, ಹುಣಸೆಹಣ್ಣು, ವಿನೆಗರ್, ಕಕ್ಕಸಿಗೆ ಹಾಕುವ ಆಸಿಡ್ ಯಾವುದೂ ಹತ್ತಿರ ಬರಬಾರದು. ಆಸಿಡ್ ಹಾಕಿದ ಕೂಡಲೇ ಕಲ್ಲು ಬೆಳ್ಳಗಾಗುತ್ತದೆ ನಿಜ. ಯಾಕೆ ಅಂದರೆ ಮೇಲಿನ ಪದರವೇ ಹೋಗಿರುತ್ತದೆ, ಅದರ ಜೊತೆ ಅಕ್ಷರದ ಅಂಚೂ.

ಹಿತ್ತಾಳೆ ಫಲಕಕ್ಕೆ ಹುಣಸೆಹಣ್ಣು ಹಾಕಿ ತಿಕ್ಕುವ ಆಸೆ ನಮಗೆಲ್ಲ ಇದ್ದದ್ದೇ. ಪೂಜೆ ಪಾತ್ರೆಗೆ ಅದು ಸರಿ. ಫಲಕಕ್ಕೆ ಬೇಡ. ಹುಳಿ ಹಿತ್ತಾಳೆಯೊಳಗಿನ ಸತುವನ್ನು ಎಳೆದುಕೊಂಡು ಕೆಂಪಗೆ ತಾಮ್ರದ ಬಣ್ಣ ಬಿಡುತ್ತದೆ. ಸೋರಿದ ನೀರು ಕೆಳಗಿನ ಕಲ್ಲಿಗೂ ಕಲೆ ಮಾಡುತ್ತದೆ. ವರ್ಷ ವರ್ಷ ಪಾಲಿಶ್ ಹಾಕಿದ ಫಲಕಗಳಲ್ಲಿ ಹೆಸರು ಮಾಯವಾಗಿ ಬರೀ ಹೊಳಪು ಉಳಿದಿರುವುದನ್ನು ನೀವೂ ನೋಡಿರಬಹುದು. ಸೌಮ್ಯ ಸೋಪಿನ ನೀರಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ತೆಳುವಾಗಿ ಮೇಣ ಸವರಿದರೆ ಸಾಕು.

ತೊಳೆಯುವ ಕ್ರಮ

ಬೆರಳ ಗೆಣ್ಣಿನಿಂದ ಕಲ್ಲನ್ನು ಮೆಲ್ಲಗೆ ತಟ್ಟಿ ನೋಡಿ. ಒಳಗೆ ಟೊಳ್ಳು ಸದ್ದು ಬಂದರೆ, ಅಥವಾ ಮುಟ್ಟಿದರೆ ಪುಡಿ ಉದುರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಅದು ಸಂರಕ್ಷಣೆ ಕಲಿತವರ ಕೆಲಸ. ಪುರಾತತ್ವ ಇಲಾಖೆ ಅಥವಾ ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನ ಹತ್ತಿರದ ಶಾಖೆಯವರನ್ನು ಕೇಳಿದರೆ ದಾರಿ ಹೇಳುತ್ತಾರೆ.

ಗಟ್ಟಿ ಇದ್ದರೆ ಬೆಳಗ್ಗೆ ಬಿಸಿಲೇರುವ ಮುಂಚೆ ಶುರುಮಾಡಿ. ಮೊದಲು ಒಣ ಬ್ರಷ್. ಪೇಂಟ್ ಬಳಿಯುವ ಮೆತ್ತನೆ ಬ್ರಷ್ ಆಗುತ್ತದೆ. ಧೂಳು, ಜೇಡರ ಬಲೆ ಹೋಗಲಿ. ಆಮೇಲೆ ಶುದ್ಧ ನೀರು. ಬೋರ್‌ವೆಲ್ ನೀರಲ್ಲಿ ಉಪ್ಪಿನಂಶ ಜಾಸ್ತಿ, ಒಣಗಿದ ಮೇಲೆ ಬಿಳಿ ಕಲೆ ಬಿಡುತ್ತದೆ. ಮಳೆ ನೀರೋ ಫಿಲ್ಟರ್ ನೀರೋ ಇಟ್ಟುಕೊಳ್ಳಿ. ಇಡೀ ಕಲ್ಲನ್ನು ನೆನೆಸಿ, ಕೆಳಗಿನಿಂದ ಮೇಲಕ್ಕೆ ಉಜ್ಜುತ್ತಾ ಬನ್ನಿ. ಮೇಲಿಂದ ಶುರುಮಾಡಿದರೆ ಕೊಳೆ ನೀರು ಕೆಳಗಿನ ಒಣಗಿದ ಕಲ್ಲಿನ ಮೇಲೆ ಇಳಿದು ಗೆರೆ ಬೀಳುತ್ತದೆ. ಕೊನೆಗೆ ಮೇಲಿಂದ ಕೆಳಕ್ಕೆ ನೀರು ಬಿಟ್ಟು ತೊಳೆಯಿರಿ. ಅಕ್ಷರದ ಒಳಗಿನ ಕೊಳೆಗೆ ಮೆತ್ತನೆ ಹಲ್ಲುಜ್ಜುವ ಬ್ರಷ್, ಇನ್ನೂ ಮೊಂಡು ಕೊಳೆಗೆ ಚೂಪು ಮಾಡಿದ ಬಿದಿರ ಕಡ್ಡಿ. ಮರದ್ದು ಕಲ್ಲಿಗಿಂತ ಮೆತ್ತಗೆ, ಸವೆದರೆ ಕಡ್ಡಿಯೇ ಸವೆಯಲಿ. ತಂತಿ ಬ್ರಷ್, ಉಪ್ಪುಕಾಗದ, ವಾಹನ ತೊಳೆಯುವ ಪ್ರೆಶರ್ ಪಂಪು, ಬಟ್ಟೆ ಸೋಪಿನ ಪುಡಿ ಎಲ್ಲವನ್ನೂ ಮನೆಯಲ್ಲೇ ಬಿಟ್ಟು ಬನ್ನಿ.

ಎಣ್ಣೆ ಮತ್ತು ಕುಂಕುಮದ ಕಲೆಗೆ ಮುಲ್ತಾನಿ ಮಿಟ್ಟಿ ಒಳ್ಳೆಯ ಮದ್ದು. ಶುದ್ಧ ನೀರಲ್ಲಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಬೆರಳು ದಪ್ಪ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಒಂದು ದಿನ ಬಿಡಿ. ಆಮೇಲೆ ಹಾಳೆ ತೆಗೆದು ಒಣಗಲು ಬಿಟ್ಟರೆ ಮಣ್ಣು ಕಲೆಯನ್ನು ಎಳೆದುಕೊಂಡು ಬಿರುಕು ಬಿಡುತ್ತದೆ. ಮರದ ಚಮಚದಲ್ಲಿ ಎತ್ತಿ, ತೊಳೆದು, ಬೇಕಾದರೆ ಮತ್ತೆ ಮೆತ್ತಿ. ಆದರೆ ಅವಸರ ಬೇಡ. ಮೊದಲು ಒಂದು ಮೂಲೆಯಲ್ಲಿ ರೂಪಾಯಿ ಅಗಲದಷ್ಟು ಜಾಗದಲ್ಲಿ ಮಾಡಿ ನೋಡಿ.

ಪದರ ಪದರ ಸುಣ್ಣ ಬಳಿದಿದ್ದರೆ ಚೆನ್ನಾಗಿ ನೆನೆಸಿ ಬಿದಿರ ಚಕ್ಕೆಯಿಂದ ಎಬ್ಬಿಸಬಹುದು, ತಾಳ್ಮೆ ಬೇಕು ಅಷ್ಟೇ. ಆಯಿಲ್ ಪೇಂಟ್ ಬಳಿದಿದ್ದರೆ ಕಷ್ಟ. ಒಣಗಿದ್ದನ್ನು ಕೆರೆಯಬೇಡಿ, ಉಜ್ಜಬೇಡಿ. ಹಳೇ ಪೇಂಟುಗಳಲ್ಲಿ ಸೀಸ ಇರುತ್ತಿತ್ತು. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಪೇಂಟಿನ ಧೂಳು, ಅದೂ ಶಾಲೆಯ ಅಂಗಳದಲ್ಲಿ, ಮಕ್ಕಳ ಮೈಗೆ ಹೋಗಬಾರದು. ಅದನ್ನು ತೆಗೆಯಲು ಗೊತ್ತಿದ್ದವರನ್ನೇ ಕರೆಸಿ.

ತೊಳೆದ ಮೇಲೆ ಮಿಂಚಲಿ ಅಂತ ವಾರ್ನಿಷ್ ಬಳಿಯಬೇಡಿ, ಎಣ್ಣೆ ಸವರಬೇಡಿ. ಒಳಗಿನ ತೇವ ಹೊರಬರದೆ ಕಲ್ಲೇ ಪದರ ಬಿಡುತ್ತದೆ.

ಬಿರುಕು, ಕೊಕ್ಕೆ, ಗಾರೆ

ಮಾರ್ಬಲ್ ಹಲಗೆ ಮೂಲೆಯಿಂದ ಸೀಳಿದ್ದರೆ ಸಾಮಾನ್ಯವಾಗಿ ಹಿಂದೆ ಕಬ್ಬಿಣದ ಕೊಕ್ಕೆ ಇರುತ್ತದೆ. ಕಬ್ಬಿಣ ತುಕ್ಕು ಹಿಡಿದರೆ ಮೊದಲಿಗಿಂತ ಎಷ್ಟೋ ಪಟ್ಟು ಉಬ್ಬುತ್ತದೆ, ಕಲ್ಲನ್ನು ಒಳಗಿಂದಲೇ ಒಡೆಯುತ್ತದೆ. ಅದನ್ನು ತೆಗೆಸಿ ಸ್ಟೇನ್‌ಲೆಸ್ ಸ್ಟೀಲ್ ಪಿನ್ನು ಹಾಕಿಸಿ. ಹಲಗೆಯನ್ನು ಮತ್ತೆ ಕೂರಿಸುವಾಗ ಮೇಸ್ತ್ರಿ ಸಿಮೆಂಟು ಅನ್ನುತ್ತಾರೆ. ಸುಣ್ಣದ ಗಾರೆಯೇ ಬೇಕು ಅಂತ ಹಟ ಹಿಡಿಯಿರಿ. ಸಿಮೆಂಟು ಕಲ್ಲಿಗಿಂತ ಬಿರುಸು, ತೇವವನ್ನು ಕಟ್ಟಿಹಾಕುತ್ತದೆ, ಮುಂದೆ ಬಿಡಿಸಬೇಕಾದರೆ ಕಲ್ಲು ಒಡೆದೇ ಬಿಡಿಸಬೇಕು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ಬೇಗ ಒಣಗದ ಹಾಗೆ ಒದ್ದೆ ಗೋಣಿ ಹೊದಿಸಿ. ಹಳ್ಳಿ ಕಡೆ ಗಾರೆ ಕೆಲಸ ಬಲ್ಲ ಹಿರಿಯ ಮೇಸ್ತ್ರಿಗಳು ಇನ್ನೂ ಇದ್ದಾರೆ, ಕೇಳಿದರೆ ಸಿಗುತ್ತಾರೆ.

ಅಕ್ಷರ ಮತ್ತೆ ಕೆತ್ತಿಸೋಣವೇ? ನನ್ನ ಉತ್ತರ, ಬೇಡ. ಹೊಸ ಉಳಿ ಬಿದ್ದ ಕ್ಷಣ ಹಳೇ ಕೈಬರಹ ಹೋಯಿತು. ಅರ್ಧ ಸವೆದ ಅಕ್ಷರವನ್ನು ಕೆತ್ತುವವನು ತನಗೆ ತೋಚಿದ ಹಾಗೆ ಪೂರ್ತಿ ಮಾಡುತ್ತಾನೆ. ಹಳೇ ಸ್ಮಾರಕಗಳ ದುರಸ್ತಿ ಹೇಗಿರಬೇಕು ಅಂತ ಹೇಳುವ 1964ರ ವೆನಿಸ್ ಸನ್ನದು ಈ ವಿಷಯದಲ್ಲಿ ಲೋಕಕ್ಕೆಲ್ಲ ಕಟ್ಟಲೆ ಇದ್ದ ಹಾಗೆ. ಊಹೆ ಶುರುವಾದ ಕಡೆ ದುರಸ್ತಿ ನಿಲ್ಲಬೇಕು ಅನ್ನುತ್ತದೆ ಅದು. ಮಾರ್ಬಲ್ ಅಕ್ಷರದ ತಗ್ಗಿನಲ್ಲಿ ಕಪ್ಪು ಬಣ್ಣ ಮೊದಲಿಂದಲೂ ಇದ್ದು ಉದುರಿದ್ದರೆ, ತಗ್ಗು ಸ್ಪಷ್ಟವಾಗಿ ಇರುವ ಕಡೆ ಮಾತ್ರ ಸಣ್ಣ ಬ್ರಷ್ಷಿನಲ್ಲಿ ತುಂಬಬಹುದು. ಅದಕ್ಕಿಂತ ಮುಂದೆ ಹೋಗಬೇಡಿ.

ಹೊಸ ಫಲಕಕ್ಕೆ ಏನು ಬರೆಯುವುದು

ನಮ್ಮಲ್ಲಿ ಎಡವುವುದು ಇಲ್ಲೇ. ಉದ್ಘಾಟನೆಯ ಕಲ್ಲುಗಳನ್ನು ನೋಡಿ. ಘನ ಉಪಸ್ಥಿತಿ, ಅಧ್ಯಕ್ಷತೆ, ಗೌರವ ಉಪಸ್ಥಿತಿ, ಮುಖ್ಯ ಅತಿಥಿಗಳು ಅಂತ ಹದಿನೈದು ಹೆಸರು. ಕಟ್ಟಿಸಿದವರ ಹೆಸರು ಕೊನೇ ಸಾಲಲ್ಲಿ, ಅದೂ ಜಾಗ ಉಳಿದರೆ. ದಾನಿಯ ಫಲಕದಲ್ಲಿ ದಾನಿಯ ಹೆಸರೊಂದೇ ಇರಲಿ. ದುರಸ್ತಿಗೆ ದುಡ್ಡು ಕೊಟ್ಟವರ ಹೆಸರು, ಕೆಲಸ ಮಾಡಿದ ಮೇಸ್ತ್ರಿಯ ಹೆಸರು ಶಾಲೆಯ ದಾಖಲೆ ಪುಸ್ತಕದಲ್ಲಿ ಬರೆಯಿಸಿ. ಈ ಮಾತನ್ನು ಚಂದಾ ಎತ್ತುವ ಮುಂಚೆಯೇ ಎಲ್ಲರಿಗೂ ಹೇಳಿಬಿಡಿ. ಆಮೇಲೆ ಹೇಳಿದರೆ ಜಗಳ.

ಹೆಸರು, ಹುಟ್ಟು ಸಾವಿನ ಇಸವಿ, ಕಸುಬು, ಈ ಜಾಗಕ್ಕೆ ಕೊಟ್ಟಿದ್ದೇನು. ಇಷ್ಟು ಸಾಕು. ಲಂಡನ್ನಿನಲ್ಲಿ 1866ರಲ್ಲಿ ಶುರುವಾದ ಹೆಸರಾಂತರು ಇದ್ದ ಮನೆಗಳಿಗೆ ನೀಲಿ ಫಲಕ ಹಾಕುವ ಯೋಜನೆ ಇದೆಯಲ್ಲ, ಅಲ್ಲೂ ಫಲಕದ ಮೇಲೆ ಇರುವುದು ಬೆರಳೆಣಿಕೆಯ ಪದಗಳೇ. ವ್ಯಕ್ತಿ ತೀರಿಕೊಂಡು 20 ವರ್ಷ ಆಗಿರಬೇಕು ಅಂತ ಅಲ್ಲಿ ನಿಯಮವೂ ಇದೆ. ನಮ್ಮೂರಿಗೂ ಒಳ್ಳೆಯ ನಿಯಮ ಅದು. ಬದುಕಿರುವವರ ಫಲಕದ ಗಲಾಟೆಯೇ ಇರುವುದಿಲ್ಲ. ತೋಟದಪ್ಪನವರಿಗೆ ಹೀಗೆ ಬರೆಯಬಹುದು: ‘ಗುಬ್ಬಿ ತೋಟದಪ್ಪ, 1838–1910. ವ್ಯಾಪಾರಿ. ಪ್ರಯಾಣಿಕರಿಗಾಗಿ ಈ ಛತ್ರವನ್ನು ಕಟ್ಟಿಸಿದರು. 1903.’ ‘ಕೊಡುಗೈ ದಾನಿ, ಕಲಿಯುಗದ ಕರ್ಣ’ ಅಂತೆಲ್ಲ ಸೇರಿಸಿದರೆ ಕಲ್ಲು ಜಾಸ್ತಿ ಹಿಡಿಯುತ್ತದೆ, ವಿಷಯ ಹೆಚ್ಚುವುದಿಲ್ಲ. ಮಿಠಾಯಿ ಮಾಡುತ್ತಿದ್ದರು ಅನ್ನುವುದನ್ನು ಮಾತ್ರ ‘ಉದ್ಯಮಿ’ ಅಂತ ಬದಲಿಸಬೇಡಿ. ಭಟ್ಟಿಯ ಮುಂದೆ ನಿಂತು ಸಕ್ಕರೆ ಪಾಕ ಕಾಸಿದ ದುಡ್ಡು ಅದು. ಆ ಮಾತು ಫಲಕದ ಮೇಲೆ ಇರಬೇಕು.

ಹೊಗಳಿಕೆ ಯಾಕೆ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ. ಇಂಗ್ಲೆಂಡಿನ ಯಾರ್ಕ್ ಊರಿನ ಜೋಸೆಫ್ ರೌಂಟ್ರಿ ಕೋಕೋ, ಮಿಠಾಯಿ ವ್ಯಾಪಾರಿ. ಕೆಲಸಗಾರರಿಗೆ ಒಳ್ಳೆಯ ಮನೆಗಳಿರಲಿ ಅಂತ ನ್ಯೂ ಇಯರ್ಸ್‌ವಿಕ್ ಎಂಬ ಹಳ್ಳಿಯನ್ನೇ ಕಟ್ಟಿಸಿದರು. 1904ರಲ್ಲಿ ಆಸ್ತಿಯ ದೊಡ್ಡ ಪಾಲನ್ನು ಮೂರು ಟ್ರಸ್ಟುಗಳಿಗೆ ಬರೆದರು. ಆದರೆ ಆ ಕೋಕೋ ಬಂದದ್ದು ವಸಾಹತುಗಳಿಂದ. ಅಲ್ಲಿ ದುಡಿದವರ ಪಾಡು ಏನಾಗಿತ್ತು ಅನ್ನುವುದನ್ನು ಅವರ ಹೆಸರಿನ ಸಂಸ್ಥೆಗಳೇ 2021ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡವು. ನಮ್ಮೂರಿನ ದಾನಿಯ ಬಗ್ಗೆಯೂ ನಾಳೆ ಯಾರೋ ಬೇರೆ ಕಾಗದ ಹುಡುಕಿ ತರಬಹುದು. ಆ ಬಾವಿಯ ನೀರು ಎಲ್ಲರಿಗೂ ಇತ್ತೇ, ಆ ಛತ್ರಕ್ಕೆ ಎಲ್ಲರನ್ನೂ ಬಿಡುತ್ತಿದ್ದರೇ ಅನ್ನುವ ಪ್ರಶ್ನೆಯನ್ನು ನೀವೇ ಮೊದಲು ಕೇಳಿಕೊಳ್ಳಿ. ಕೆಲವೇ ಜಾತಿಯವರಿಗೆ ಅಂತ ಹಳೇ ಕಲ್ಲಲ್ಲೇ ಬರೆದಿದ್ದರೆ ಅದನ್ನು ಅಳಿಸಬೇಡಿ, ಮುಚ್ಚಲೂ ಬೇಡಿ. ಈಗ ಇದು ಎಲ್ಲರದೂ ಅಂತ ಹೊಸ ಫಲಕದಲ್ಲಿ ಬರೆಯಿರಿ.

ಕೆತ್ತುವ ಅಂಗಡಿಯಲ್ಲಿ

ಕಂಪ್ಯೂಟರ್‌ನಲ್ಲಿ ಕೊರೆಯುವ ಅಂಗಡಿಗಳಲ್ಲಿ ಕನ್ನಡ ಕೈಕೊಡುತ್ತದೆ. ನೀವು ಯೂನಿಕೋಡ್‌ನಲ್ಲಿ ಕಳಿಸಿದ್ದು ಅವರ ಹಳೇ ಸಾಫ್ಟ್‌ವೇರ್‌ನಲ್ಲಿ ಒಡೆದುಹೋಗುತ್ತದೆ, ಅರ್ಕಾವತ್ತು ಹಿಂದೆ ಮುಂದೆ ಆಗುತ್ತದೆ, ಒತ್ತಕ್ಷರ ಕಳಚಿ ಪಕ್ಕಕ್ಕೆ ಕೂರುತ್ತದೆ. ಆಗ ಅಂಗಡಿಯವರು ತಾವೇ ಟೈಪ್ ಮಾಡುತ್ತಾರೆ. ‘ಧರ್ಮ’ ‘ದರ್ಮ’ ಆಗುವುದು ಹಾಗೆ. ಬರಹವನ್ನು ಚಿತ್ರವಾಗಿ ಬದಲಿಸಿದ ಪಿಡಿಎಫ್ ಕೊಡಿ. ಕೊರೆಯುವ ಮುಂಚೆ ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ತೆಗೆಸಿ, ಅದನ್ನು ಗೋಡೆಗೆ ಅಂಟಿಸಿ, ಇಬ್ಬರು ಬೇರೆ ಬೇರೆಯಾಗಿ ಗಟ್ಟಿಯಾಗಿ ಓದಿ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಅಕ್ಷರ 2 ಸೆಂಟಿಮೀಟರ್‌ಗಿಂತ ಸಣ್ಣದು ಬೇಡ. ಫಲಕದ ನಡುಭಾಗ ನಿಂತವರ ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಲಿ, ಮಕ್ಕಳೂ ಓದಲಿ.

ಹೊಸ ಫಲಕವನ್ನು ಹಳೇ ಕಲ್ಲಿನ ಮೇಲೆ ಹೊಡೆಯುವ ಪುಣ್ಯಾತ್ಮರೂ ಇದ್ದಾರೆ. ಒಂದು ಅಡಿಯಾದರೂ ಪಕ್ಕಕ್ಕೆ ಹಾಕಿಸಿ. ಮೊಳೆ ಗಾರೆಯ ಸಂದಿಗೆ ಬೀಳಲಿ, ಕಲ್ಲಿಗೆ ಬೇಡ. ಕ್ಯೂಆರ್ ಕೋಡ್ ಬೇಕು ಅಂತ ಯುವಕರು ಕೇಳುತ್ತಾರೆ. ಹಾಕಿ, ಆದರೆ ಮುಖ್ಯ ವಿಷಯವೆಲ್ಲ ಕಲ್ಲಲ್ಲೇ ಇರಲಿ. ವೆಬ್‌ಸೈಟಿನ ಬಾಡಿಗೆ ಕಟ್ಟುವುದನ್ನು ಯಾರೋ ಮರೆತ ವರ್ಷ ಆ ಚೌಕ ಬರೀ ಚುಕ್ಕಿಗಳ ಗುಂಪು.

ಅನಾವರಣಕ್ಕೆ ಭಾಷಣ ಕಡಿಮೆ ಇರಲಿ. ದಾನಿಯ ಅಂಗಡಿ ಇನ್ನೂ ನಡೆಯುತ್ತಿದ್ದರೆ ಅಲ್ಲಿಂದಲೇ ಸಿಹಿ ತರಿಸಿ, ದುಡ್ಡು ಕೊಟ್ಟು ತರಿಸಿ. ಆ ಶಾಲೆಯ ಒಂದು ಮಗು ಹಳೇ ಕಲ್ಲನ್ನು ಎಲ್ಲರೆದುರು ಓದಲಿ.

ಆಮೇಲಿನ ಕೆಲಸ ಸ್ವಲ್ಪವೇ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಬರೀ ನೀರು, ಮೆತ್ತನೆ ಬ್ರಷ್ಷಿನಿಂದ ಒಮ್ಮೆ ತೊಳೆಯಿರಿ. ಅದೇ ಜಾಗದಲ್ಲಿ ನಿಂತು ಒಂದು ಫೋಟೊ ತೆಗೆದಿಡಿ, ಬಿರುಕು ಬೆಳೆಯುತ್ತಿದ್ದರೆ ಗೊತ್ತಾಗುತ್ತದೆ. ಶಾಲೆಗೆ ಸುಣ್ಣ ಬಣ್ಣ ಹೊಡೆಯಲು ಗುತ್ತಿಗೆ ಕೊಡುವಾಗ, ಕಲ್ಲಿಗೆ ಕಾಗದ ಅಂಟಿಸಿಯೇ ಬಣ್ಣ ಹೊಡೆಯಬೇಕು ಅಂತ ಮುಖ್ಯೋಪಾಧ್ಯಾಯರ ಕೈಲಿ ಬರೆಯಿಸಿ. ಕಲ್ಲಿನಿಂದ ಓದಿ ಬರೆದುಕೊಂಡ ಸಾಲುಗಳು, ಫೋಟೊಗಳು, ಕಿರ್ದಿಯ ನಕಲು, ಖರ್ಚಿನ ಲೆಕ್ಕ ಎಲ್ಲ ಸೇರಿಸಿ ಒಂದು ಪ್ರತಿ ಶಾಲೆಯಲ್ಲಿ, ಒಂದು ಊರಿನ ಗ್ರಂಥಾಲಯದಲ್ಲಿ, ಒಂದು ದಾನಿಯ ಮನೆಯಲ್ಲಿ ಇರಲಿ.